ತುಳಿಯದೆ ಉಳಿದ ಮೀನು

“ಎತ್ತೇ ಕಾಲು! ಇನ್ನೂ ಮೇಲಕ್ಕೆತ್ತು, ಹಿಂದೆ ಕೂತೋರ್ಗೂ ಕಾಣ್ಲಿ.”

ಎತ್ತಿದೆ. ಶಾಲೆಯ ಕೋಣೆಯಲ್ಲಿ ಮೀನು ತುಳಿಯುವ ನಲವತ್ತು ಹೆಂಗಸರು ನೆಲದ ಮೇಲೆ ಕೂತಿದ್ದೆವು. ಆಹಾರ ಇಲಾಖೆಯ ಬುನ್‌ಹೆಂಗ್ ನನ್ನೊಬ್ಬಳನ್ನು ಮುಂದೆ ಕರೆದು ಬೆಂಚಿನ ಮೇಲೆ ಕೂರಿಸಿದ್ದ. ನನ್ನ ಅಂಗಾಲು ನೇರ ನೀಮಜ್ಜಿಯ ಮುಖಕ್ಕೆ. ಎಪ್ಪತ್ತು ದಾಟಿದ ಜೀವ, ನನ್ನನ್ನು ಎತ್ತಿ ಆಡಿಸಿದವಳು. ಹಿರಿಯರಿರುವ ಕಡೆ ಮಲಗುವಾಗಲೂ ಕಾಲು ಮಡಚಿಕೊಳ್ಳುವವರು ನಾವು. ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿದಳು. ಅಲ್ಲೇ ಸತ್ತುಹೋಗೋಣ ಅನ್ನಿಸಿತು ನನಗೆ.

ಬುನ್‌ಹೆಂಗ್ ಕೋಲಿನ ತುದಿಯಿಂದ ನನ್ನ ಹಿಮ್ಮಡಿಯ ಬಿರುಕನ್ನು ಕೆದಕಿದ. “ನೋಡ್ರೇ, ಇದ್ರೊಳಗೆ ಏನೇನೈತೆ ಅಂತ. ಕೆಸರು, ಸೆಗಣಿ, ಹೇಲು. ಇದೇ ಕಾಲಲ್ಲಿ ತುಳಿದಿದ್ದನ್ನ ಊರಿಗೆಲ್ಲ ತಿನ್ನಿಸ್ತೀರಲ್ಲ, ಮುಂಡೇರಾ!”

ಹೋದ ವರ್ಷ ಇವನ ಮನೆಗೆ ಎರಡು ಜಾಡಿ ಪ್ರಾಹೋಕ್, ಅದೇ ನಾವು ತುಳಿದು ಉಪ್ಪು ಹಾಕಿದ ಮೀನು, ಹೊತ್ತು ಹಾಕಿದವಳು ನಾನೇ. ಬೆರಳು ನೆಕ್ಕಿಕೊಂಡು ತಿಂದ ಬಾಯಿ ಅದು.

ಫ್ಯಾನಿನ ಕೆಳಗೆ ಕೂತಿದ್ದ ಬಿಳಿ ಮೇಡಂ ಏನೋ ಅಂದಳು. ಬಡ ದೇಶಗಳಿಗೆ ಬೇಸಾಯ, ಆಹಾರದ ಕಾಯಿದೆ ಎಲ್ಲ ಕಲಿಸಲು ಬಂದವಳಂತೆ. ದುಬಾಷಿ ಹುಡುಗಿ ನನ್ನ ಕಡೆ ನೋಡದೆ, “ಮೇಡಂ ನಿಮಗೆ ಥ್ಯಾಂಕ್ಸ್ ಹೇಳ್ತಿದಾರೆ. ನೀವು ತುಂಬಾ ಧೈರ್ಯವಂತೆ ಅಂತೆ” ಅಂದಳು.

ತರಬೇತಿ ಮೂರು ದಿನ. ಮೂರೂ ದಿನ ಕೂತವರ ಜಾಡಿಗೆ ಮಾತ್ರ ಮೊಹರು. ಮೊಹರಿಲ್ಲದ ಜಾಡಿ ಹೊಳೆದಂಡೆಯಲ್ಲಿ ಕಂಡರೆ ಪೊಲೀಸರು ಒಡೆದುಹಾಕುತ್ತಾರೆ. ಆದರೆ ಅವರು ಆರಿಸಿದ ಮೂರು ದಿನ ಯಾವುವು ಗೊತ್ತೇ? ಹುಣ್ಣಿಮೆಗೆ ಮುಂಚಿನವು. ದೊಡ್ಡ ಸರೋವರದಿಂದ ಬೆಳ್ಳಿ ಬಣ್ಣದ ಸಣ್ಣ ಮೀನು ರಾಶಿರಾಶಿಯಾಗಿ ಹೊಳೆಗೆ ಇಳಿಯುವ ದಿನಗಳು. ರಾತ್ರಿಯೆಲ್ಲ ಕೂತು ಬಲೆಯ ಧಣಿಗೆ ಹತ್ತು ಬುಟ್ಟಿ ಮೀನಿನ ತಲೆ ಕಡಿದುಕೊಟ್ಟರೆ ಒಂದು ಬುಟ್ಟಿ ನಮಗೆ. ಅದನ್ನು ಬೆಳಗಾದ ಕೂಡಲೇ ನೀರಲ್ಲಿ ತುಳಿದು, ಜಿಡ್ಡು ಬಿಡಿಸಿ, ಬಿಸಿಲಿಗೆ ಒಣಗಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬಬೇಕು. ಮೇಲಿನೂರುಗಳ ರೈತರು ಗಾಡಿಯಲ್ಲಿ ಅಕ್ಕಿ ತಂದು ಸುರಿದು ಜಾಡಿ ಒಯ್ಯುತ್ತಾರೆ. ಆ ಅಕ್ಕಿಯೇ ನಮ್ಮ ವರ್ಷದ ಅನ್ನ. ಅಂಗೈಯಗಲ ಗದ್ದೆಯೂ ಇಲ್ಲದವರು ನಾವು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬುನ್‌ಹೆಂಗನ ಮುಂದೆ ಕೈಮುಗಿದು ನಿಂತೆ.

“ಸ್ವಾಮೀ, ಹುಣ್ಣಿಮೆ ಕಳೀಲಿ, ಒಂದು ತಿಂಗಳು ಬೇಕಾದ್ರೂ ಬಂದು ಕೂರ್ತೀವಿ. ಈಗ ಬುಟ್ಟಿ ಹಂಗಂಗೇ ಕೂತವೆ. ಬುಟ್ಬುಡ್ರಪ್ಪಾ.”

“ನಿನ್ನ ಹುಣ್ಣಿಮೆ ನೋಡ್ಕಂಡು ಮೇಡಂ ವಿಮಾನ ಹಾರ್ತದೇನೇ?” ಕಡ್ಡಿಯಿಂದ ಹಲ್ಲು ಕೆದಕುತ್ತ ಅಂದ. “ಅಷ್ಟು ಅವಸರ ಇದ್ರೆ ಮಿಷನ್ನಿಗೆ ಹಾಕು. ಮೇಡಂ ದೇಶದೋರು ನಿಮಗೇ ಅಂತ ಕೊಟ್ಟಿಲ್ವಾ?”

ಮೀನು ತೊಳೆಯುವ ಆ ಮಿಷನ್ನು ದಂಡೆಯ ಹೆಂಗಸರದ್ದೆಂದು ಬೋರ್ಡಿನಲ್ಲಿದೆ. ಇರುವುದು ಮಾತ್ರ ಇವನ ಭಾಮೈದನ ಷೆಡ್ಡಿನಲ್ಲಿ. ಎರಡು ಬುಟ್ಟಿ ಹಾಕಿದರೆ ಒಂದು ಅವನಿಗೆ.

“ಅರ್ಧ ಮೀನು ನಿಮ್ಮ ಭಾಮೈದಂಗೆ ಸುರಿಯಕ್ಕಾ ನಾನು ಕೈ ಕುಯ್ಕಂಡಿದ್ದು?”

“ಹಂಗಾದ್ರೆ ನಾರ್ಲಿ ಬಿಡು. ಮೂಸ್ಕಂಡು ಕೂತ್ಕೋ.”

ಎರಡನೆಯ ದಿನ ನನ್ನ ಗಂಡ ಥೋಲ್ ಕಿಟಕಿಗೆ ಬಂದ. ಧಣಿಯ ಬಲೆ ಎಳೆಯುವವನು, ಮೈಯೆಲ್ಲ ಒದ್ದೆ. “ಏಯ್ ಸಾವೆತ್, ಮೀನಿನ ಹೊಟ್ಟೆ ಒಡೀತಾ ಅವೆ ಕಣೇ. ನಾನು ಬಲೆ ಬಿಟ್ಟರೆ ಧಣಿ ಒದ್ದು ಓಡಿಸ್ತಾನೆ. ನೀನೇ ಎದ್ದು ಬಾರೇ!”

ಎದ್ದೆ. ಬಾಗಿಲಲ್ಲಿದ್ದ ಜವಾನ ಹಾಜರಿ ಪಟ್ಟಿ ಎತ್ತಿ, “ಹೆಸರು ಹೊಡೆದು ಹಾಕ್ಲೇನಮ್ಮಾ?” ಅಂದ. ವಾಪಸು ಕೂತೆ. ಥೂ, ನನ್ನ ಜನ್ಮಕ್ಕಿಷ್ಟು! ಅಂದು ಸಂಜೆಯವರೆಗೆ ನಮಗೆ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಕಲಿಸಿದರು.

ಮೂರನೆಯ ದಿನ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸರ್ಟಿಫಿಕೇಟುಗಳ ಕಟ್ಟು ಬಂದು ಕೂತಿತು. ಪಕ್ಕದಲ್ಲೇ ಮೊಹರು. ಬುನ್‌ಹೆಂಗ್ ನನ್ನನ್ನು ಮೂಲೆಗೆ ಕರೆದ.

“ಮೇಡಂ ಮುಂದೆ ನೀನೇ ಮಾತಾಡ್ಬೇಕು. ಕಾಲಲ್ಲಿ ತುಳಿಯೋದು ಬಿಟ್ಟೆ, ಮಿಷನ್ನಿಂದ ಬಾಳು ಹಸನಾಯ್ತು ಅನ್ನು. ಸರ್ಯಾಗಿ ಹೇಳಿದ್ರೆ ಮೊದಲನೇ ಮೊಹರು ನಿಂದೇ.”

ಹೋಗಿ ನಿಂತೆ. ಮೇಡಂ ನಕ್ಕಳು. ಕೆಟ್ಟ ಮುಖವಲ್ಲ ಅದು. ಪಾಪ, ಇವಳಿಗೆ ಯಾರೂ ಹೇಳಿಲ್ಲವೇನೋ ಅನ್ನಿಸಿತು. ಹೇಳಿಬಿಟ್ಟೆ. ಮೀನಿಳಿಯುವ ದಿನ ನಮ್ಮನ್ನು ಕೂಡಿಹಾಕಿದ್ದು, ಮಿಷನ್ನು ಯಾರ ಷೆಡ್ಡಿನಲ್ಲಿದೆ, ಅರ್ಧ ಮೀನು ಯಾರ ಹೊಟ್ಟೆಗೆ, ನನ್ನ ಬುಟ್ಟಿಗಳಿಗೆ ಹುಳು ಬಿದ್ದದ್ದು, ಎಲ್ಲ.

ದುಬಾಷಿ ಹುಡುಗಿ ಬುನ್‌ಹೆಂಗನ ಮುಖ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ ನಾಲ್ಕೇ ಮಾತು ಆಡಿದಳು. ಮೇಡಂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ಒದ್ದೆಯಾಗಿತ್ತು ಅವಳದು. ಬುನ್‌ಹೆಂಗ್ ಚಪ್ಪಾಳೆ ತಟ್ಟಿದ.

“ಏನಂತ ಹೇಳ್ದೆ ತಾಯಿ ನೀನು ಅವಳಿಗೆ?” ನೀಮಜ್ಜಿ ಕೂತಲ್ಲಿಂದಲೇ ಕೇಳಿದಳು.

ಹುಡುಗಿ ತಲೆ ತಗ್ಗಿಸಿ, “ನನ್ನ ಕೆಲ್ಸ ಹೋಗ್ತದೆ ಅಜ್ಜಿ” ಅಂದಳು.

ನಾನು ಕೈ ಬಿಡಿಸಿಕೊಂಡು ಹೊರಗೆ ನಡೆದೆ. ದಂಡೆ ಐವತ್ತು ಹೆಜ್ಜೆ ದೂರ. ಅಲ್ಲಿದ್ದ ನನ್ನದೊಂದು ಬುಟ್ಟಿಯನ್ನು ತಲೆಗೇರಿಸಿ ವಾಪಸು ಬಂದೆ. ಕೊಳೆತ ನೀರು ಕತ್ತಿನಿಂದ ಬೆನ್ನಿಗೆ ಇಳಿಯಿತು. ಬಾಗಿಲಲ್ಲಿದ್ದ ಜವಾನ ಮೂಗು ಮುಚ್ಚಿಕೊಂಡು ತಾನಾಗಿಯೇ ಸರಿದ. ಮೇಜಿನ ಮೇಲೆ, ಸರ್ಟಿಫಿಕೇಟುಗಳ ಮೇಲೆ, ಬುಟ್ಟಿ ಬೋರಲು ಹಾಕಿದೆ.

“ಇದನ್ನೂ ಹೇಳವ್ವಾ ನಿನ್ನ ಮೇಡಮ್ಮಿಗೆ” ಅಂದೆ.

ಮೇಡಂ ಕರವಸ್ತ್ರ ಒತ್ತಿಕೊಂಡು ಹಿಂದೆ ಸರಿದಳು. ಆಮೇಲೆ ನನ್ನನ್ನು ಬಿಟ್ಟು ಬುನ್‌ಹೆಂಗನನ್ನು ನೋಡುತ್ತ ಏನೋ ಕೇಳಿದಳು, ಗಟ್ಟಿಯಾಗಿ.

ಬುನ್‌ಹೆಂಗ್ ಹುಳುಗಳ ನಡುವಿನಿಂದ ಮೊಹರು ಎತ್ತಿ ಜೇಬಿಗೆ ಹಾಕಿಕೊಂಡ. “ಒಬ್ಬಳ ಜಾಡಿಗೂ ಒತ್ತಲ್ಲ ಕಣ್ರೇ! ಈ ಬೋಸುಡಿಯಿಂದ ನಿಮ್ಮೆಲ್ಲರ ವರ್ಷದ ಅನ್ನ ಹೋಯ್ತು. ಉಗೀರಿ ಇವಳ ಮುಖಕ್ಕೆ!”

ಮೂವತ್ತೊಂಬತ್ತು ಮುಖಗಳು ನನ್ನ ಕಡೆ ತಿರುಗಿದವು.

ನೀಮಜ್ಜಿ ಗೋಡೆ ಹಿಡಿದು ಎದ್ದಳು. ನಿಧಾನವಾಗಿ ನನ್ನ ಮುಂದೆಯೇ ಹಾದು ಬಾಗಿಲಿಗೆ ಹೋಗಿ ನಿಂತು, ಹಿಂತಿರುಗಿ ನೋಡಿದಳು.

“ನಂದೂ ಎರಡು ಬುಟ್ಟಿ ಅಲ್ಲೇ ನಾರ್ತಾ ಅವೆ” ಅಂದಳು. “ಯಾರಾದ್ರೂ ಬಂದು ತಲೆ ಮೇಲೆ ಎತ್ತಿ ಕೊಡ್ರೇ.”