ಎರಡು ಪೆಟ್ಟಿನ ಉತ್ತರ

ಮ್ಯಾನ್‌ಹಟನ್‌ಗೆ ಹತ್ತಿರದ ಸೀಕಾಕಸ್‌ನ ಬೀದಿ ಮೇಳದಲ್ಲಿ ನಮ್ಮ ಸಾಂಬಾ ಡ್ರಮ್ ತಂಡದ ಕೊನೆಯ ಪೆಟ್ಟು ಬಿದ್ದು ಜನ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಬಲಕ್ಕೆ ತಿರುಗಿ ನೋಡಿದೆ. ಮಡಚುವ ಕುರ್ಚಿ ಇತ್ತು. ಅದರ ಬೆನ್ನಿಗೆ ಹಾಕಿದ್ದ ಸ್ವೆಟರ್ ಇತ್ತು. ಇವರು ಇರಲಿಲ್ಲ.

ಹೆಗಲಿಗೆ ನೇತುಹಾಕಿಕೊಂಡ ದೊಡ್ಡ ಡ್ರಮ್ಮಿನ ಸಮೇತ ಒಂದು ಸುತ್ತು ತಿರುಗಿದೆ. ಫನಲ್ ಕೇಕ್ ಎಂಬ ಕರಿದ ತಿಂಡಿ ಮಾರುವವರು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡ ಮಕ್ಕಳು, ನಾಯಿ ಹಿಡಿದ ಗಂಡಸರು. ನನ್ನ ಗಂಡ ಎಲ್ಲೂ ಕಾಣಲಿಲ್ಲ.

"ಆಂಟಿ, ಅಂಕಲ್ ಬಾತ್‌ರೂಮಿಗೆ ಹೋದ್ರಾ?" ಎಂದಳು ಅವನಿ. ಅವಳು ಇಲ್ಲೇ ಹುಟ್ಟಿದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್, ತಂಡದಲ್ಲಿ ಅಂಗೈಯಗಲದ ಸಣ್ಣ ಡ್ರಮ್ ಬಾರಿಸುತ್ತಾಳೆ.

"ಒಬ್ಬರೇ ಹೋಗಲ್ಲಮ್ಮ ಅವರು."

ಹಾಗೆನ್ನುತ್ತಲೇ ಡ್ರಮ್ಮನ್ನು ಕೆಳಗಿಳಿಸಿ ಸ್ವೆಟರ್ ಎತ್ತಿಕೊಂಡೆ.

ಇವರು, ಜಯರಾಮು, ಇಪ್ಪತ್ತಾರು ವರ್ಷ ರೈಲಿನಲ್ಲಿ ಮ್ಯಾನ್‌ಹಟನ್‌ಗೆ ಓಡಾಡಿದ ಎಂಜಿನಿಯರ್. ಮೂರು ವರ್ಷಗಳಿಂದ ಮರೆವಿನ ಕಾಯಿಲೆ. ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ. ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಭಾನುವಾರ ಸಾಂಬಾ ಕಲಿಸುತ್ತಾರೆ, ಯಾರು ಬೇಕಾದರೂ ಬರಬಹುದು ಎಂಬ ಚೀಟಿ ನೋಡಿ, ಇವರನ್ನೂ ಕರೆದುಕೊಂಡೇ ಹೋಗಿದ್ದೆ. ಆಗ ನನಗೆ ಅರವತ್ತೊಂಬತ್ತು. ಕಲಿಸುವವಳು ಟೆರೆಜಾ, ನೆವಾರ್ಕ್‌ನ ಬ್ರೆಜಿಲ್ ಹೆಂಗಸು, ಶಾಲೆಯ ಬಸ್ ಓಡಿಸುತ್ತಾಳೆ. ನನ್ನ ತೋಳು ಮುಟ್ಟಿ ನೋಡಿ, "ಇದರಲ್ಲಿ ಏನು ಕೆಲಸ ಮಾಡಿದ್ದೀಯ?" ಎಂದು ಕೇಳಿದಳು. ಲೈಬ್ರರಿಯಲ್ಲಿ ಪುಸ್ತಕ ಎತ್ತಿಟ್ಟಿದ್ದೇನೆ, ಮನೆಯಲ್ಲಿ ರಾಗಿ ಮುದ್ದೆ ತಿರುವಿದ್ದೇನೆ ಎಂದೆ. ಮುದ್ದೆ ಎಂದರೇನೆಂದು ವಿವರಿಸಿದ್ದಕ್ಕೆ ನಕ್ಕು, ಎಲ್ಲರಿಗಿಂತ ದೊಡ್ಡ ಡ್ರಮ್ ನನಗೇ ಕೊಟ್ಟಳು. ಸುರ್ದೊ ಎನ್ನುತ್ತಾರೆ ಅದನ್ನು. ಅದರ ಕೋಲಿಗೆ ಅಂದಿನಿಂದ ಅವಳು 'ಮುದ್ದೆ' ಎಂದೇ ಹೆಸರಿಟ್ಟಿದ್ದಾಳೆ.

ನಮ್ಮಲ್ಲಿ ಹಾಡು ಶುರುವಾಗುವುದು ಒಂದು ಕರೆಯಿಂದ. ಟೆರೆಜಾ ಮೂರು ಪೆಟ್ಟು ಹೊಡೆಯುತ್ತಾಳೆ, ನಾವೆಲ್ಲ ಎರಡು ಪೆಟ್ಟು ಉತ್ತರ ಕೊಟ್ಟು ಹಾಡಿನೊಳಗೆ ಇಳಿಯಬೇಕು. ಎರಡನೆಯ ಭಾನುವಾರ ಅವಳು ಮೂರು ಹೊಡೆದದ್ದೇ ತಡ, ಮೂಲೆಯ ಕುರ್ಚಿಯಿಂದ ಟಕ್ ಟಕ್ ಎಂದು ಉತ್ತರ ಬಂತು. ಇವರು ಪೆನ್ನಿನಿಂದ ಕುರ್ಚಿಯ ಕೈಗೆ ಹೊಡೆದಿದ್ದರು. ತಿಂಡಿ ತಿಂದದ್ದು ನೆನಪಿಲ್ಲದ ಮನುಷ್ಯ, ತಾಳ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುಂದಿನ ವಾರ ಟೆರೆಜಾ ಅವರಿಗೊಂದು ಕೋಲು ತಂದುಕೊಟ್ಟಳು. ಅದರ ಮುಂದಿನ ತಿಂಗಳು ನಮ್ಮಂಥದೇ ಹಳದಿ ಟೀ ಶರಟು. ಯಾರೂ ಹೇಳದೆಯೇ ತಂಡಕ್ಕೊಂದು ಪದ್ಧತಿಯಾಯಿತು: ಕರೆಯಾದ ಮೇಲೆ ಒಂದು ಉಸಿರಿನಷ್ಟು ಕಾಯುವುದು, ಜಯರಾಮು ಎರಡು ಹೊಡೆಯುವುದು, ಆಮೇಲೆ ಉಳಿದ ಹನ್ನೆರಡು ಜನ.

ಹಾಗೆ ಕಾಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಹಳದಿ ಶರಟೇ ಇವರನ್ನು ಕಳೆದುಹಾಕಿತು. ನಾವು ಬಾರಿಸುವ ಜಾಗದ ಸುತ್ತ ಕಟ್ಟಿದ್ದ ಹಗ್ಗದ ಬಳಿ ನಿಂತಿದ್ದ ಸ್ವಯಂಸೇವಕಿ, ಕಾಲೇಜಿಗೆ ಹೋಗುವ ಮಗು, ನನ್ನ ಮುಂದೆ ಅಳುತ್ತ ಹೇಳಿದಳು: "ಬ್ಯಾಂಡಿನವರು ಅಂದುಕೊಂಡೆ. ಶರಟು ಇತ್ತು, ಕೈಯಲ್ಲಿ ಕೋಲಿತ್ತು. ನಾನೇ ಹಗ್ಗ ಎತ್ತಿ ಹಿಡಿದೆ. ಥ್ಯಾಂಕ್ಯೂ ಅಂದರು." ಅವಳ ತಪ್ಪಲ್ಲ. ಮಗಳು ಸ್ಮಿತಾ ಅಪ್ಪನ ಕೈಗೆ ಕಟ್ಟಿದ್ದ, ಎಲ್ಲಿದ್ದಾರೆಂದು ಫೋನಿನಲ್ಲಿ ತೋರಿಸುವ ಗಡಿಯಾರ ನನ್ನ ಚೀಲದಲ್ಲಿತ್ತು. ಕೋಲು ಬೀಸುವಾಗ ಕುರ್ಚಿಗೆ ತಗುಲಿ ಒಡೆದೀತೆಂದು ನಾನೇ ಬಿಚ್ಚಿಟ್ಟಿದ್ದೆ. ಗಡಿಯಾರ ಉಳಿಯಿತು.

ಪೊಲೀಸರು ಮೊದಲು ರೈಲು ನಿಲ್ದಾಣ ಜಾಲಾಡಿದರು. ಇಲ್ಲ. ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಇಲ್ಲ. ಐದೂವರೆಗೆ, ವ್ಯಾಯಾಮಕ್ಕೆಂದು ಓಡುತ್ತಿದ್ದ ಒಬ್ಬ ಯುವಕ ನಿಂತು, ಹಳದಿ ಶರಟಿನ ಮುದುಕರೊಬ್ಬರು ಜೌಗಿನ ಕಾಲುದಾರಿಯಲ್ಲಿ ಹೋಗುವುದನ್ನು ಕಂಡೆ ಎಂದ.

ಹ್ಯಾಕೆನ್‌ಸ್ಯಾಕ್ ನದಿಯ ಪಕ್ಕದ ಆ ಜೌಗಿನಲ್ಲಿ ಆಳೆತ್ತರ ಮೀರಿದ ಜೊಂಡು. ನಡುವೆ ಹಲಗೆಯ ದಾರಿಗಳು ಕವಲೊಡೆದು ಹೋಗುತ್ತವೆ. ದಾರಿ ಬಿಟ್ಟರೆ ಕೆಸರು. ಸಮುದ್ರದ ಉಬ್ಬರಕ್ಕೆ ನೀರು ಏರುತ್ತದೆ, ಅಂದು ಏರುತ್ತಲೇ ಇತ್ತು. ಅಕ್ಟೋಬರ್ ಕೊನೆಯ ಗಾಳಿ. ಇವರ ಮೈಮೇಲೆ ತೋಳಿಲ್ಲದ ಬನಿಯನ್, ಅದರ ಮೇಲೆ ಆ ಟೀ ಶರಟು, ಅಷ್ಟೇ. ಸ್ವೆಟರ್ ನನ್ನ ಕೈಯಲ್ಲಿತ್ತು.

"ಹೆಲಿಕಾಪ್ಟರ್ ಕೇಳಿದ್ದೇವೆ, ಮ್ಯಾಮ್" ಎಂದ ಪೊಲೀಸ್ ಅಧಿಕಾರಿ. ಬಂದೀತೋ ಇಲ್ಲವೋ ತಿಳಿಯದು. ಅವನು ನನ್ನ ಕಣ್ಣು ತಪ್ಪಿಸಿದ.

ಮದುವೆಯಾಗಿ ನಲವತ್ತೇಳು ವರ್ಷ. ಅರ್ಜಿಗಳಲ್ಲಿ ಇವರ ಹೆಸರು ಬರೆದಿದ್ದೇನೆ, ಡಾಕ್ಟರಿಗೆ ಹೇಳಿದ್ದೇನೆ, ಆದರೆ ಇವರನ್ನು ಹೆಸರು ಹಿಡಿದು ಕರೆದವಳಲ್ಲ. ನಮ್ಮ ಕಾಲದವರು ಕರೆಯುತ್ತಿರಲಿಲ್ಲ. ಅಂದು ಹಲಗೆಯ ಕಟಕಟೆ ಹಿಡಿದು, "ರೀ! ಎಲ್ಲಿದೀರ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು, "ಜಯರಾಮೂ!" ಎಂದೆ. ನನಗೇ ಯಾರೋ ಬೇರೆಯವರು ಕೂಗಿದಂತಿತ್ತು. ಜೊಂಡು ಸುಯ್ಯೆಂದಿತು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

ಹಿಂತಿರುಗಿ ನೋಡಿದರೆ ತಂಡದವರೆಲ್ಲ ಅಲ್ಲೇ ನಿಂತಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ನನ್ನ ಡ್ರಮ್ಮನ್ನು ಟೆರೆಜಾ ತನ್ನ ಬೆನ್ನಿಗೆ ಹಾಕಿಕೊಂಡು ಬಂದಿದ್ದಳು.

"ಅದನ್ನ ಕೊಡು" ಎಂದೆ.

ಅವಳಿಗೆ ತಕ್ಷಣ ಅರ್ಥವಾಯಿತು. "ನೀನೇ ಕರೆ ಕೊಡು. ನನ್ನ ಡ್ರಮ್ ಈ ಗಾಳಿಯಲ್ಲಿ ದೂರ ಹೋಗಲ್ಲ. ನಿನ್ನದು ಹೋಗುತ್ತೆ."

"ನಾನು ಯಾವತ್ತೂ ಕರೆ ಕೊಟ್ಟಿಲ್ಲ."

"ಎರಡು ವರ್ಷದಿಂದ ಕೇಳ್ತಾ ಇದ್ದೀಯಲ್ಲ. ಮುದ್ದೆ ಹಿಡಿ."

ಅವನಿ ಅಧಿಕಾರಿಗೆ ಇಂಗ್ಲಿಷಿನಲ್ಲಿ ಪಟಪಟನೆ ವಿವರಿಸಿದಳು. ಅವನು ಅರೆಕ್ಷಣ ನಮ್ಮನ್ನು ನೋಡಿದ. ನಗುತ್ತಾನೇನೋ ಎಂದುಕೊಂಡೆ. ನಗಲಿಲ್ಲ. ರೇಡಿಯೊ ಎತ್ತಿ, ಎಲ್ಲ ಗಾಡಿಗಳ ಎಂಜಿನ್ ನಿಲ್ಲಿಸಲು ಹೇಳಿ, ತನ್ನ ರೇಡಿಯೊದ ದನಿಯನ್ನೂ ಅಡಗಿಸಿದ.

ಮೂರು ಹೊಡೆದೆ. ಕಾದೆವು. ಏನೂ ಇಲ್ಲ.

ನೂರು ಹೆಜ್ಜೆ ಮುಂದೆ ಹೋಗಿ ಮತ್ತೆ ಮೂರು. ಏನೂ ಇಲ್ಲ. ಮುಂದಿನ ಕವಲಿನಲ್ಲಿ ಮತ್ತೆ. ಹಲಗೆಯ ಅಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಐದನೆಯ ಸಲ ಹೊಡೆದು ನಿಂತಾಗ ಅವನಿ ನನ್ನ ತೋಳು ಹಿಡಿದಳು.

"ಆಂಟಿ. ಕೇಳಿಸ್ತಾ?"

ಟಕ್. ಟಕ್.

ಗಾಳಿಯಷ್ಟೇ ತೆಳ್ಳಗೆ. ಮರಕ್ಕೆ ಮರ ಬಡಿದ ಸದ್ದು. ಆದರೆ ಎಡಗಡೆಯೋ, ಬಲಗಡೆಯೋ? "ಇನ್ನೊಂದ್ಸಲ!" ಎಂದಳು. ಹೊಡೆದೆ. ಉಸಿರು ಬಿಗಿಹಿಡಿದು ನಿಂತೆವು.

ಬರಲಿಲ್ಲ.

ಮತ್ತೆ ಹೊಡೆದೆ. ಬರಲಿಲ್ಲ. ಮತ್ತೆ. ಇಲ್ಲ. ಬಿದ್ದುಬಿಟ್ಟರು, ಮುಖ ನೀರಿನಲ್ಲಿದೆ, ಎಂದು ನನ್ನ ತಲೆ ಹೇಳುತ್ತಿತ್ತು. ಕೋಲು ಕೈಯಿಂದ ಜಾರಿ ಹಲಗೆಯ ಮೇಲೆ ಬಿತ್ತು. ಯಾರೋ ಎತ್ತಿಕೊಟ್ಟರು. ಯಾರೆಂದು ಇಂದಿಗೂ ಗೊತ್ತಿಲ್ಲ. ಕೊಡುವ ಮೊದಲು ಅದಕ್ಕೆ ಮೆತ್ತಿದ ಕೆಸರನ್ನು ತಮ್ಮ ಶರಟಿಗೆ ಒರೆಸಿದರು, ಅದು ಮಾತ್ರ ನೋಡಿದೆ.

ಆ ಒರೆಸುವಷ್ಟು ಹೊತ್ತಿನಲ್ಲೇ ನನಗೆ ಹೊಳೆದದ್ದು. ನಾವು ತಪ್ಪು ಮಾಡಿದ್ದೆವು. ಇವರ ಎರಡು ಪೆಟ್ಟು ಇರುವುದು ನಾವು ಒಳಗೆ ಬರಲಿಕ್ಕೆ. ಇವರು ಬಾಗಿಲು ತೆಗೆದಿದ್ದಾರೆ. ನಾವು ಹೊಸಿಲಲ್ಲೇ ಮೌನವಾಗಿ ನಿಂತು ಇನ್ನೊಮ್ಮೆ ತೆಗೆಯಿರಿ ಎನ್ನುತ್ತಿದ್ದೇವೆ. ಒಂದು ಭಾನುವಾರ ತಂಡ ಹೀಗೆಯೇ ತಡವರಿಸಿದಾಗ ಇವರು ಕೋಲು ಕೆಳಗಿಟ್ಟು ಮುನಿಸಿಕೊಂಡಿದ್ದರಲ್ಲ!

"ಬಾರಿಸಿ! ಎಲ್ಲರೂ ಬಾರಿಸಿ! ಎಂಟು ಎಣಿಕೆ, ಆಮೇಲೆ ಟಪ್ ಅಂತ ನಿಲ್ಸಿ!"

"ಅವರ ಸದ್ದು ಕೇಳೋದು ಹೇಗೆ ಆಂಟಿ?"

"ಬಾರ್ಸಮ್ಮ ತಾಯಿ, ಬಾರ್ಸು!"

ಟೆರೆಜಾಳದೂ ಸೇರಿ ಹದಿಮೂರು ಡ್ರಮ್ಮು ಆ ಜೌಗಿನ ಮಧ್ಯೆ ಮೊಳಗಿದವು. ಜೊಂಡಿನಿಂದ ಹಕ್ಕಿಗಳು ಎದ್ದವು. ಎಂಟಕ್ಕೆ ಟೆರೆಜಾ ಮುಷ್ಟಿ ಬಿಗಿದಳು, ಎಲ್ಲವೂ ನಿಂತವು. ನಾನು ಮೂರು ಹೊಡೆದೆ.

ಟಕ್. ಟಕ್.

"ಎಡಕ್ಕೆ!" ಎಂದ ಅಧಿಕಾರಿ. ಬಾರಿಸಿದೆವು, ನಿಲ್ಲಿಸಿದೆವು, ಕರೆದೆವು. ಟಕ್, ಟಕ್, ಈಗ ಹತ್ತಿರ. ಜೊತೆಗೆ ಬಂದಿದ್ದ ಅಗ್ನಿಶಾಮಕ ದಳದ ಇಬ್ಬರು ಕೆಸರಿಗೆ ಇಳಿದರು. ಇನ್ನೂ ಎರಡು ಸಲ. ಕೊನೆಯ ಸಲ ಒಂದೇ ಪೆಟ್ಟು ಬಂತು. ಎರಡನೆಯದು ಬರಲಿಲ್ಲ.

ಆ ಎರಡನೆಯ ಪೆಟ್ಟಿಗೆ ಕಾದ ಹೊತ್ತನ್ನು ಬರೆಯಲು ನನ್ನಿಂದಾಗದು.

"ಸಿಕ್ಕರು!" ಎಂದು ಜೊಂಡಿನ ಒಳಗಿನಿಂದ ಕೂಗು ಬಂತು.

ಪಕ್ಷಿ ನೋಡುವವರ ಹಳೆಯ ಅಟ್ಟಣೆಯ ಕಂಬವೊಂದನ್ನು ಎಡಗೈಯಲ್ಲಿ ತಬ್ಬಿಕೊಂಡು ತೊಡೆಯವರೆಗೆ ನೀರಿನಲ್ಲಿ ನಿಂತಿದ್ದರಂತೆ. ಒಂದು ಶೂ ಇಲ್ಲ. ತುಟಿ ನೇರಳೆಯಾಗಿತ್ತು. ಆದರೆ ಕೋಲನ್ನು ಬಿಟ್ಟಿರಲಿಲ್ಲ. ಬೆರಳುಗಳನ್ನು ಬಿಡಿಸಲು ಹೋದ ಅಗ್ನಿಶಾಮಕ ದಳದವನು, ಬೇಡವೆಂದು ಸುಮ್ಮನಾದ.

ಆಂಬುಲೆನ್ಸಿನಲ್ಲಿ ಅವನಿ ನನ್ನ ಜೊತೆ ಹತ್ತಿದಳು. ಬೆಳ್ಳಿ ಬಣ್ಣದ ಹೊದಿಕೆಯೊಳಗೆ ಇವರು ನಡುಗುತ್ತಿದ್ದರು. ಮೈಬಿಸಿ ಬಹಳ ಇಳಿದಿದೆ, ಹೃದಯದ ಬಡಿತ ಸರಿಯಿಲ್ಲ, ಇನ್ನೂ ಏನೂ ಹೇಳಲಾಗದು ಎಂದರು ಆಂಬುಲೆನ್ಸಿನ ಸಿಬ್ಬಂದಿ. ಎಚ್ಚರ ತಪ್ಪದಂತೆ ಮಾತಾಡಿಸುತ್ತಿರಬೇಕಂತೆ. ಅವನಿ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: "ಅಂಕಲ್, ಇವರು ಯಾರು ಹೇಳಿ ನೋಡೋಣ?"

ಇವರು ನನ್ನನ್ನು ಬಹಳ ಹೊತ್ತು ನೋಡಿದರು. ಮೊದಲ ಸಲ ನೋಡಿದವರ ಹಾಗೆ, ಮರ್ಯಾದೆಯಿಂದ.

"ದೊಡ್ಡ ಡ್ರಮ್ಮಿನವರು" ಎಂದರು. ಆಮೇಲೆ ನನಗೇ ಹೇಳಿದರು, ಹಲ್ಲು ಕಟಕಟ ಎನ್ನುತ್ತ: "ನಮ್ಮನೆಯವಳು ಹುಡುಕ್ತಿರ್ತಾಳೆ ಕಣ್ರಮ್ಮ. ಸ್ವಲ್ಪ ಜೋರಾಗಿ ಹೊಡೀರಿ, ಅವಳಿಗೂ ಕೇಳ್ಲಿ."

ಅವನಿ ಮುಖ ತಿರುಗಿಸಿಕೊಂಡಳು.

"ಹೊಡೀತೀನಿ. ನೀವು ಮಾತ್ರ ಉತ್ತರ ಕೊಡ್ತಾ ಇರಿ" ಎಂದೆ.

ಸ್ಟ್ರೆಚರಿನ ಕಂಬಿಗೆ ಬೆರಳ ಗೆಣ್ಣಿನಿಂದ ಮೂರು ಪೆಟ್ಟು ಹೊಡೆದೆ. ಗಾಡಿ ಓಡಿಸುತ್ತಿದ್ದವನು ಏನು ತಿಳಿದನೋ, ಸೈರನ್ ನಿಲ್ಲಿಸಿದ. ಹೊದಿಕೆಯ ಅಡಿಯಲ್ಲಿ ಕೋಲು ಅಲುಗಿತು. ಒಂದು. ತುಂಬ ಹೊತ್ತಿನ ಮೇಲೆ, ತಾಳ ಪೂರ್ತಿ ತಪ್ಪಿ, ಇನ್ನೊಂದು.

ಮತ್ತೆ ಮೂರು ಹೊಡೆದೆ. ಆಸ್ಪತ್ರೆ ಇನ್ನೂ ಹನ್ನೊಂದು ನಿಮಿಷ ದೂರವಿತ್ತು.