ತಿಳಿಗಾಜಿನ ಬಾಗಿಲು

ಹಿತ್ತಿಲ ತೋಟದ ಬಾಗಿಲು ಆರಿಸಲು ಹೊರಟ ದಿನ ನಲುಂಗಳ ಕಾಲು ನೆಲದ ಮೇಲಿರಲಿಲ್ಲ. ಹೊಟ್ಟೆ ಮುಂದೆ ಬಂದಿತ್ತು, ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಆದರೂ ನ್ಸಂಬ್ಯದ ರಸ್ತೆಬದಿಯ ಬಾಗಿಲುಗಳ ಅಂಗಡಿಗೆ ಗಂಡನಿಗಿಂತ ಮೊದಲು ನುಗ್ಗಿದವಳು ಅವಳೇ. ಕಂಪಾಲದ ಹೊರಗೆ, ಕೀರಾದಲ್ಲಿ ಅವರ ಹೊಸ ಮನೆ ಎದ್ದಿತ್ತು. ಸುಣ್ಣಬಣ್ಣ ಆಗಿತ್ತು, ನೀರು ಬಂದಿತ್ತು. ನಡುಮನೆಯಿಂದ ತೋಟಕ್ಕೆ ಇಳಿಯುವ ಕಡೆ ಮಾತ್ರ ಗೋಡೆಯಗಲದ ಬಾಯಿ ತೆರೆದಿತ್ತು. ಅದಕ್ಕೆ ತಗಡು ಬಡಿದು ಮುಚ್ಚಿದ್ದರು. ಗಾಳಿ ಬಂದಾಗಲೆಲ್ಲ ಆ ತಗಡು ದಡಬಡ ಎನ್ನುತ್ತಿತ್ತು.

"ಬನ್ನಿ ನ್ಯಾಬೋ, ಬನ್ನಿ ಅಮ್ಮಾ," ಎಂದ ಅಂಗಡಿಯೊಡೆಯ ಮುಗ್ಗ, ಅವಳ ಹೊಟ್ಟೆ ನೋಡಿ ಸ್ಟೂಲು ಒರೆಸುತ್ತ. "ಕೂತ್ಕೊಳ್ಳಿ. ಪಾಪು ಬರೋದ್ರೊಳಗೆ ಬಾಗಿಲು ಬಂದಿರುತ್ತೆ."

"ನೀವು ಹೇಳಿದ ದಿನಕ್ಕೆ ಬರೋದು ಪಾಪು ಒಂದೇ," ಎಂದಳು ನಲುಂಗ. ಮುಗ್ಗ ತೊಡೆ ತಟ್ಟಿಕೊಂಡು ನಕ್ಕ.

ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎರಡು ಕದದ ಮರದ ಬಾಗಿಲೊಂದು. ಕೆಳಗೆ ಎದೆಮಟ್ಟದವರೆಗೆ ಹಲಗೆ, ಮೇಲೆ ಚಿಕ್ಕ ಚಿಕ್ಕ ಚೌಕದಲ್ಲಿ ಮಸುಕು ಗಾಜು. ಅದರ ಪಕ್ಕದಲ್ಲಿ, ಮಡಚುತ್ತ ಹೋದರೆ ಚಾಪೆಯ ಹಾಗೆ ಮೂಲೆ ಸೇರುವ ಇನ್ನೊಂದು. ಆಮೇಲೆ ಅದು. ಅಲ್ಯೂಮಿನಿಯಮ್ ಹಳಿಯ ಮೇಲೆ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಜಾರುವ, ನೆಲದಿಂದ ತಲೆಯ ಮೇಲಿನವರೆಗೆ ತಿಳಿನೀರಿನಂಥ ಗಾಜು. ಅದರಾಚೆ ರಸ್ತೆ, ಬಾಡಿಗೆಗೆ ಓಡುವ ಬೋದಾಬೋದಾ ಬೈಕುಗಳು, ಹಲಸಿನ ತೊಳೆ ಮಾರುವ ಹೆಂಗಸು, ಎಲ್ಲವೂ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅವಳ ಮನಸ್ಸು ಅಲ್ಲೇ ಅಂಟಿಕೊಂಡಿತು.

ಗಂಡ ಲುತಾಯ ಮಾತ್ರ ಮರದ ಬಾಗಿಲ ಮುಂದೆ ನಿಂತುಬಿಟ್ಟಿದ್ದ. ಮಸುಕು ಗಾಜಿನ ಹಿಂದೆ ಕೈ ಹಿಡಿದು ಈಚೆಯಿಂದ ನೋಡಿದ. ಕೈ ಬರೀ ನೆರಳಾಗಿತ್ತು.

"ಇದು ಆಗಬಹುದು," ಎಂದ.

"ಇದಾ? ಪಾದ್ರಿ ಮನೆ ಬಾಗಿಲು ಇದ್ದಹಾಗಿದೆ."

"ಬೆಳಕು ಬರುತ್ತಲ್ಲ."

"ಬೆಳಕು ಬರುತ್ತೆ, ತೋಟ ಬರಲ್ಲ. ತೋಟ ಮಾಡಿದ್ದು ಬಚ್ಚಿಡೋಕಾ?"

"ಅಲ್ಲ... ಯಾರಾದ್ರೂ ಬಂದಾಗ..."

"ಯಾರು ಬರ್ತಾರೆ?"

ಅವನು ಬಾಗಿಲ ಅಂಚನ್ನು ಸವರಿದ. "ಮನೆಗೆ ದೊಡ್ಡೋರು ಯಾರಾದ್ರೂ ಬಂದಾಗ," ಎಂದ, ಅಂಚಿಗೇ ಹೇಳುವವನ ಹಾಗೆ.

ಅಂಗಡಿಯಲ್ಲಿ ಜನ ಇದ್ದರು. ನಲುಂಗಳಿಗೆ ಹುರುಪು ಹೆಚ್ಚಾಗಿತ್ತು. "ನೋಡಿ ಮುಗ್ಗ ಅವರೇ," ಎಂದು ದನಿಯೆತ್ತಿದಳು, "ನಮ್ಮೆಜಮಾನ್ರು ಹೊಸ ಮದುಮಗಳ ಹಾಗೆ ನಾಚ್ಕೋತಾರೆ. ಬಚ್ಚಲುಮನೆಗೆ ಹಾಕೋ ಗಾಜನ್ನ ನಡುಮನೆಗೆ ಕೇಳ್ತಾ ಇದ್ದಾರೆ!"

ಎಲ್ಲರೂ ನಕ್ಕರು. ಲುತಾಯನೂ ತುಟಿಯಲ್ಲಿ ನಕ್ಕ. "ನಿನ್ನಿಷ್ಟ," ಎಂದ. ಅಷ್ಟೇ.

ಬಾಗಿಲು ಹೇಳಿದ ದಿನಕ್ಕೆ ಬರಲಿಲ್ಲ. ಬಂದಾಗ ಮಾತ್ರ ಮನೆಯ ಕಳೆಯೇ ಬದಲಾಯಿತು. ಬೆಣ್ಣೆಹಣ್ಣಿನ ಮರ, ಬಾಳೆಯ ಗುಂಪು, ಕೆಂಪು ಕಾಬಾಳೆ ಹೂವು ಎಲ್ಲ ನಡುಮನೆಯೊಳಗೇ ಬಂದು ಕೂತ ಹಾಗಾಯಿತು. ಅವಳು ಕೆಲಸ ಮಾಡುವ ಬ್ಯಾಂಕಿನ ಗೆಳತಿಯರು ಬಂದು ಗಾಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಪರದೆ ದರ್ಜಿಯ ಹತ್ತಿರ ಇತ್ತು. ಅಲ್ಲಿಯವರೆಗೆ ಇರಲಿ ಎಂದು ಲುತಾಯ ಒಂದು ಹಾಸಿಗೆ ಹೊದಿಕೆಯನ್ನು ಮೊಳೆಗೆ ಸಿಕ್ಕಿಸಿದ. ನಲುಂಗಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಕೆಲಸಕ್ಕೆ ಹೋದ ಮೇಲೆ ಸರಿಸಿಬಿಡುತ್ತಿದ್ದಳು.

ಹೆಣ್ಣು ಮಗು ಹುಟ್ಟಿತು. ತವರೂರು ಮಿತ್ಯಾನದಿಂದ ಅವಳ ತಾಯಿ ಎಸೇಜಾ ಬಂದಳು. ಹೊಸ ಮಣ್ಣಿನ ಗಡಿಗೆ, ಗಂಟುಗಂಟು ಸೊಪ್ಪು, ಬುಟ್ಟಿಯಲ್ಲಿ ಒಂದು ಕೋಳಿ. ಕೂಸಿಗೆ ಸೊಪ್ಪಿನ ನೀರು ಹುಯ್ಯುವ ಕೆಲಸ ಹಿರಿಯ ಹೆಂಗಸಿನ ಕೈಯಲ್ಲೇ ಆಗಬೇಕು. ಹಿಡಿದ ಮೇಲೆ ನಡುವೆ ಬಿಡಬಾರದು. ಆ ನೀರಿನಲ್ಲಿ ಕೂಸಿನ ಚರ್ಮವೂ ಇದೆ, ಬಾಳೂ ಇದೆ.

ಆದರೆ ಅತ್ತೆ ಅಳಿಯನ ಮನೆಯಲ್ಲಿ ಇರುವುದೆಂದರೆ ಸುಲಭವೇ? ಮದುವೆಯ ದಿನದಿಂದ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಅವರ ಜನರ ಕಟ್ಟಳೆಯಂತೆ ನೋಡಬಾರದು. ಅವನು ದಾರಿಯಲ್ಲಿ ಬಂದರೆ ಅವಳು ಪೊದೆಯ ಹಿಂದೆ ಸರಿಯಬೇಕು. ಕ್ಷೇಮಸಮಾಚಾರ ಏನಿದ್ದರೂ ಗೋಡೆಯ ಆಚೆಯಿಂದ. ತಪ್ಪಿದರೆ ಅವಳ ಮಾನ ಹೋಯಿತು, ಅವನಿಗೆ ಕೈನಡುಕದ ರೋಗ ಹಿಡಿಯಿತು ಎನ್ನುತ್ತಾರೆ. ಲುತಾಯ ಎಲ್ಲ ಏರ್ಪಾಡು ಮಾಡಿದ್ದ. ಹಿತ್ತಿಲ ಕೋಣೆ ಅತ್ತೆಗೆ. ತಾನು ಮುಂದಿನ ಗೇಟಿನಿಂದ ಬಂದು ಮುಂದಿನ ಕೋಣೆಯಲ್ಲೇ ಇರುವುದು. ನಡುವೆ ಇಡೀ ಮನೆ ಇತ್ತು.

ಇಡೀ ಮನೆ ಇತ್ತು, ಗೋಡೆ ಇರಲಿಲ್ಲ.

ಆ ಮಧ್ಯಾಹ್ನ ಎಸೇಜಾ ತೋಟದಲ್ಲಿ ಮೂರು ಕಲ್ಲಿನ ಮೇಲೆ ಗಡಿಗೆ ಇಟ್ಟಿದ್ದಳು. ನೀರು ಸಿಡಿದು ಹಾಳಾಗದಿರಲೆಂದು ಭುಜ ಸೆಟೆದ ತನ್ನ ಒಳ್ಳೆಯ ಗೊಮೆಸಿ ಉಡುಪು ಬಿಚ್ಚಿ ಬೇಲಿಯ ಮೇಲೆ ಹಾಕಿ, ಸೊಂಟದ ಬಟ್ಟೆಯೊಂದರಲ್ಲಿ ಮಣೆಯ ಮೇಲೆ ಕೂತಿದ್ದಳು. ಹೆಂಗಸರೇ ಇರುವ ಹಿತ್ತಿಲು, ಯಾರ ಹಂಗು? ಕೈಯಲ್ಲಿ ಸೋಪುಹಚ್ಚಿದ ಕೂಸು, ಬಾಯಲ್ಲಿ ಪ್ರಾರ್ಥನೆಯ ಹಾಡು. ನಲುಂಗ ನಡುಮನೆಯಲ್ಲಿ ತಲೆ ಬಾಚಿಕೊಳ್ಳುತ್ತ ಆ ನೋಟವನ್ನೇ ಸವಿಯುತ್ತಿದ್ದಳು. ಹೊದಿಕೆಯನ್ನು ಬೆಳಿಗ್ಗೆಯೇ ಸರಿಸಿಯಾಗಿತ್ತು.

ಅವತ್ತು ಕರೆಂಟು ಹೋಗಿ ಲುತಾಯನ ಕಚೇರಿ ಬೇಗ ಬಿಟ್ಟಿತ್ತು. ಮುಂಬಾಗಿಲು ತೆರೆದ.

ಎಸೇಜಾ ತಲೆ ಎತ್ತಿದಳು. ನಟ್ಟನಡುವೆ, ತೊಳೆದಿಟ್ಟ ಗಾಜಿನಾಚೆ, ಅಳಿಯ. ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಜಾರುವ ಕೂಸು. ಬಿಡುವಂತಿಲ್ಲ, ಏಳುವಂತಿಲ್ಲ. ಆ ಹಿರಿಯ ಹೆಂಗಸು ಕೂತಲ್ಲೇ ತಿರುಗಿ, ಕೂಸನ್ನು ಎದೆಗವಚಿ, ಬೆನ್ನು ಗೂನು ಮಾಡಿ ಮುದುಡಿದಳು. ಆ ಬೆನ್ನು ನಲುಂಗಳ ಕಣ್ಣಿಗೆ ಕಟ್ಟಿಹೋಯಿತು. ಹಿಂದೆ ಲುತಾಯ ಓಡುವ ಭರದಲ್ಲಿ ಚೌಕಟ್ಟಿಗೆ ಭುಜ ಬಡಿದುಕೊಂಡ ಸದ್ದು. ನಡುವೆ ಅವಳು, ಕೈಯಲ್ಲಿ ಬಾಚಣಿಗೆ ಹಿಡಿದು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ತಾಯಿ ಬಯ್ಯಲಿಲ್ಲ. ಕೂಸಿನ ಮೈತೊಳೆದು ಮುಗಿಸಿದಳು, ಒರೆಸಿದಳು, ಮಲಗಿಸಿದಳು. ಗಡಿಗೆಯ ನೀರು ಚೆಲ್ಲಿ ಬೋರಲು ಹಾಕಿದಳು. ಗೊಮೆಸಿ ಉಟ್ಟು, ಸೊಂಟಪಟ್ಟಿ ಬಿಗಿದು, ಗಂಟು ಕಟ್ಟತೊಡಗಿದಳು.

"ಅಮ್ಮ..."

"ಬಸ್ಸಿಗೆ ಹೊತ್ತಾಯ್ತು."

"ಇನ್ನೂ ನೀರು ಹುಯ್ಯೋದು ಮುಗಿದಿಲ್ಲವಲ್ಲಮ್ಮ!"

"ಇಲ್ಲಿ ನಾನೆಲ್ಲಿ ಕೂತು ಹುಯ್ಯಲಿ ಮಗಳೇ? ಮನೆಗೆ ಗೋಡೆನೇ ಇಲ್ಲ." ಗಂಟಿನ ತುದಿ ಎಳೆದು ಕೇಳಿದಳು, "ಈ ಬಾಗಿಲು ಯಾರು ಆರಿಸಿದ್ದು?"

ಹೇಳುವುದಕ್ಕೆ ಒಂದು ಮಾತು ಸಾಕಿತ್ತು. ನಲುಂಗ ಮಗುವಿನ ಹೊದಿಕೆ ಸರಿಮಾಡಿದಳು. ಸರಿಯಾಗಿದ್ದುದನ್ನೇ ಮತ್ತೆ ಸರಿಮಾಡಿದಳು.

"ಇರಲಿ ಬಿಡು," ಎಂದಳು ತಾಯಿ, "ಈಗಿನ ಗಂಡುಮಕ್ಕಳಿಗೆ ತೋರಿಸ್ಕೊಳ್ಳೋ ಚಟ. ಅವರಿಗೆ ಹೇಳ್ಕೊಡೋರಾದ್ರೂ ಯಾರಿದ್ದಾರೆ?"

ನಲುಂಗ ಅದಕ್ಕೂ ಸುಮ್ಮನಿದ್ದಳು.

ಕತ್ತಲಾಗುವ ಹೊತ್ತಿಗೆ ಲುತಾಯ ಒಳಗೆ ಬಂದ. ಅಲ್ಲಿಯತನಕ ಗೇಟಿನ ಹೊರಗೆ ಕಾರಿನಲ್ಲೇ ಕೂತಿದ್ದನಂತೆ. ಅವಳು ಕೊಟ್ಟ ಚಹದ ಬಟ್ಟಲು ಅವನ ಕೈಯಲ್ಲಿ ಸಣ್ಣಗೆ ಕಟಕಟ ಅಂದಿತು. ಇಬ್ಬರೂ ಆ ಕೈಯನ್ನೇ ನೋಡಿದರು.

"ಚಳಿ ಇದೆ ಇವತ್ತು," ಎಂದ ಅವನು.

"ಅಂಗಡೀಲೇ ಹೇಳಬಾರದಿತ್ತಾ ನೀವು?"

"ಹೇಗೆ ಹೇಳ್ಲಿ? ಅಷ್ಟು ಜನರ ಮುಂದೆ ನಿಮ್ಮಮ್ಮನ ಮಾತು ನಾನೆತ್ತಲಾ? ಗಾಜಿನ ಹಿಂದೆ ಅವರನ್ನ ನಿಲ್ಲಿಸಿ ನೋಡಿದ ಹಾಗಾಗ್ತಿತ್ತು." ಬಟ್ಟಲನ್ನು ಕೆಳಗಿಟ್ಟ. "ನಿನಗೇ ಹೊಳೆಯುತ್ತೆ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೆತ್ತ ತಾಯಿಯ ಮಾನ ಹೆತ್ತ ಮಗಳಿಗೆ ನೆನಪಾಗಲಿಲ್ಲ. ಮುಖವನ್ನೇ ಕಾಣದ ಅಳಿಯನಿಗೆ ನೆನಪಾಗಿತ್ತು. ಅವನನ್ನು ಅವಳು ಬಚ್ಚಲುಮನೆಯ ಗಾಜು ಕೇಳುತ್ತಾನೆಂದು ನಗೆಗೀಡು ಮಾಡಿದ್ದಳು. ಅವಳ ಮೈ ಹಿಡಿಯಷ್ಟಾಯಿತು. ಆದರೂ, ತಾಯಿ ಕೇಳಿದಾಗ ತಾನು ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಆಗಲೂ ಹೇಳಲಿಲ್ಲ.

ನೀರು ಹುಯ್ಯುವುದು ನಿಲ್ಲಬಾರದಲ್ಲ. ಮರುದಿನವೇ ನಲುಂಗ ಕೂಸನ್ನೆತ್ತಿಕೊಂಡು ಮಿತ್ಯಾನಕ್ಕೆ ಹೋದಳು. ಕೀರಾದ ಬೆಳಕು ತುಂಬಿದ ಮನೆಯಲ್ಲಿ ಲುತಾಯ ಒಬ್ಬನೇ ಉಳಿದ. ಊರಲ್ಲಿ ತಾಯಿ ಎಂದಿನಂತೆ ಕೂಸಿಗೆ ನೀರು ಹುಯ್ದಳು, ಮಗಳಿಗೆ ಬಾಳೆಲೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸಿದಳು. ಅಳಿಯನ ಹೆಸರು ಮಾತ್ರ ಎತ್ತಲಿಲ್ಲ. ಒಮ್ಮೆ ನೆರೆಯವಳು, "ಅಳಿಯಂದಿರು ಹೇಗಿದ್ದಾರೆ?" ಎಂದಾಗ, "ಪಟ್ಟಣದೋರ ಹಾಗಿದ್ದಾರೆ," ಎಂದು ಒಲೆಯ ಕಡೆ ತಿರುಗಿದಳು. ಆ ಮಾತು ನಲುಂಗಳ ಬೆನ್ನಿಗೆ ಕೆಂಡದ ಹಾಗೆ ತಗುಲಿತು.

ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಲುತಾಯ ಬಂದ. ದೂರದಿಂದಲೇ ಕೆಮ್ಮಿದ. ಎಸೇಜಾ ಕೂಡಲೇ ಒಳಮನೆ ಸೇರಿದಳು. ಅವನು ಅಂಗಳದ ಹಲಸಿನ ಮರದಡಿ ಮನೆಗೆ ಬೆನ್ನು ಮಾಡಿ ಕೂತ. ಇಟ್ಟಿಗೆಗೋಡೆಯ ಆಚೆಯಿಂದ ಅವಳು, ಈಚೆಯಿಂದ ಇವನು, ರಾತ್ರಿ ಹೇಗಾಯಿತು, ಮನೆಯವರು ಹೇಗಿದ್ದಾರೆ, ದೇವರು ಹೇಗಿಟ್ಟಿದ್ದಾನೆ ಎಂದು ಉದ್ದಕ್ಕೂ ಕೇಳಿಕೊಂಡರು. ಅಲ್ಲಿಗೆ ನೇರ ಮಾತು ಮುಗಿಯಿತು. ಇನ್ನು ಆಡುವುದೆಲ್ಲ ನಲುಂಗಳ ಮೂಲಕ. ಇಬ್ಬರಿಗೂ ಎಲ್ಲವೂ ಕೇಳುತ್ತದೆ, ಆದರೂ ಅವಳು ಹೊತ್ತು ತಂದ ಮೇಲೆಯೇ ಅದು ಮಾತು.

ಲುತಾಯ ಪೊಟ್ಟಣ ಬಿಚ್ಚಿದ. ಮುತುಬ ಮರದ ತೊಗಟೆ ಬಡಿದು ಮಾಡಿದ ನಾರುಬಟ್ಟೆ, ಸುಟ್ಟ ಮಣ್ಣಿನ ಬಣ್ಣದ್ದು. ನೋಡಬಾರದ್ದನ್ನು ನೋಡಿದ ಅಳಿಯ ಅತ್ತೆಗೆ ಹೊದೆಯಲು ಕೊಡಬೇಕಾದ್ದು. ಹಳಬರು ಮಾಡುತ್ತಿದ್ದ ಕ್ರಮ. ಅದನ್ನು ಯಾರನ್ನು ಕೇಳಿ ತಿಳಿದುಕೊಂಡನೋ, ಎಲ್ಲೆಲ್ಲಿ ಹುಡುಕಿ ತಂದನೋ.

"ಅಮ್ಮನಿಗೆ ಕೊಡು," ಎಂದ ತಗ್ಗಿದ ದನಿಯಲ್ಲಿ. "ಆ ಬಾಗಿಲು ಆರಿಸಿದ್ದು ನಾನೇ, ನನಗೆ ಬುದ್ಧಿ ಸಾಲದೆ ಹಾಗಾಯ್ತು, ಮನ್ನಿಸಬೇಕು ಅಂತ ಹೇಳು."

ನಲುಂಗ ಅವನ ಮುಖ ನೋಡಿದಳು. ಯಾರೂ ಹೇಳದೆಯೇ ಅವನಿಗೆ ಗೊತ್ತಿತ್ತು. ಅವಳು ಹೇಳದೆ ಉಳಿಸಿದ್ದು ಏನು, ಅತ್ತೆಮನೆಯಲ್ಲಿ ತನ್ನ ಹೆಸರು ಏನಾಗಿದೆ, ಎಲ್ಲವೂ ಗೊತ್ತಿತ್ತು.

"ಹೋಗು," ಎಂದ.

ನಾರುಬಟ್ಟೆ ಹಗುರವಾಗಿತ್ತು. ಅವನು ಕೊಟ್ಟ ಮಾತನ್ನು ಎತ್ತಿ ಹೊಸಿಲು ದಾಟುವುದೇ ಕಷ್ಟವಾಯಿತು. ಒಳಗಿನ ಮಬ್ಬಿನಲ್ಲಿ ತಾಯಿ ಚಾಪೆಯ ಮೇಲೆ, ಮಡಿಲಲ್ಲಿ ಕೂಸು, ಏನೂ ಕೇಳಿಸದವಳ ಹಾಗೆ ಕೂತಿದ್ದಳು.

"ಅಮ್ಮ, ಇದು ಅವರು ಕೊಟ್ಟಿದ್ದು." ನಲುಂಗ ಮಂಡಿಯೂರಿದಳು. "ಬಾಗಿಲು ಆರಿಸಿದ್ದು ತಾನೇ ಅಂತ ಹೇಳು ಅಂದ್ರು..." ನಾರುಬಟ್ಟೆಯನ್ನು ಚಾಪೆಯ ಅಂಚಿಗಿಟ್ಟಳು. "ಅದು ನಿಜ ಅಲ್ಲಮ್ಮ. ಆರಿಸಿದ್ದು ನಾನು. ಅವರು ಬೇರೆದನ್ನ ತೋರಿಸಿದ್ರು, ಒಳಗಿಂದ ಏನೂ ಕಾಣದೇ ಇರೋದನ್ನ. ಅಂಗಡಿ ತುಂಬ ಜನರ ಮುಂದೆ ಅವರನ್ನ ಆಡಿಕೊಂಡು ನಕ್ಕೆ. ಅವರು ಕಟ್ಟಿದ ಹೊದಿಕೆ ಸರಿಸಿದ್ದೂ ನಾನೇ."

ಹೊರಗೆ ಲುತಾಯ ಒಮ್ಮೆ ಕೆಮ್ಮಿದ, ನಿಲ್ಲಿಸು ಎಂಬಂತೆ.

"ಅವತ್ತು ನಾನು ಕೇಳ್ದಾಗ?" ಎಂದಳು ತಾಯಿ.

"ಸುಮ್ಮನಿದ್ದೆ."

"ಮೊನ್ನೆ ನೆರೆಯವಳ ಮುಂದೆ ನಾನು ಅವನನ್ನ ಅಂದಾಗ?"

"ಆಗಲೂ."

ತಲೆ ತಗ್ಗಿಸಿದ್ದ ನಲುಂಗಳಿಗೆ ತಾಯಿಯ ಕಾಲ್ಬೆರಳು ಮಾತ್ರ ಕಾಣುತ್ತಿತ್ತು. ಆಮೇಲೆ ಮೇಲಿನಿಂದ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಆ ಹಿತ್ತಿಲಲ್ಲಿ ನನಗೆ ಇಷ್ಟು ನಾಚಿಕೆ ಆಗಿರಲಿಲ್ಲ ಮಗಳೇ."

ಕೂಸನ್ನು ಚಾಪೆಯ ಮೇಲೆ ಮಲಗಿಸಿ, ನಾರುಬಟ್ಟೆಯನ್ನು ಬಿಡಿಸಿ, ಗೊಮೆಸಿಯ ಮೇಲೆಯೇ ಹೆಗಲ ತುಂಬ ಹೊದ್ದಳು. "ಹೊದ್ದುಕೊಂಡೆ ಅಂತ ಹೇಳು."

ನಲುಂಗ ಹೊರಗೆ ಬಂದಳು. "ಹೊದ್ದುಕೊಂಡರಂತೆ," ಎಂದಳು. ಲುತಾಯನ ಬೆನ್ನು ಸಡಿಲವಾದದ್ದು ಅಂಗಿಯ ಮೇಲೇ ಕಂಡಿತು. "ಆ ಬಾಗಿಲು ತೆಗೆಸ್ತೀನಿ ಅಂತ ಹೇಳು," ಎಂದ. ಒಳಗೆ ಹೋಗಿ ಹೇಳಿದಳು.

"ತೆಗೆಸ್ಲಿ," ಎಂದಳು ಎಸೇಜಾ, ಈ ಸಲ ಅಂಗಳಕ್ಕೂ ಕೇಳುವಷ್ಟು ಗಟ್ಟಿಯಾಗಿ. "ಬೇರೆ ಕೂಡಿಸಿದ ಮೇಲೆ ನಾನೇ ಬಂದು ಆ ಹಿತ್ತಿಲಲ್ಲಿ ಕೂಸಿಗೆ ನೀರು ಹುಯ್ತೀನಿ. ಎಂಥದ್ದು ಕೂಡಿಸಬೇಕು ಅಂತ ನಿನ್ನ ಗಂಡನ್ನ ಕೇಳು. ಕೇಳಿ, ಅವನು ಹೇಳಿ ಮುಗಿಸೋ ತನಕ ಬಾಯಿ ಮುಚ್ಕೊಂಡಿರು. ಅದು ನಿನಗೆ ಚೆನ್ನಾಗಿ ಬರುತ್ತಲ್ಲ."

ನಲುಂಗ ಮರದಡಿಗೆ ಹೋದಳು. ಹಿರಿಯರ ಮುಂದೆ ಊರುವ ಹಾಗೆ ಗಂಡನ ಮುಂದೆ ಮಂಡಿಯೂರಿ ಕೇಳಿದಳು. ದಾರಿಯಲ್ಲಿ ಚರ್ಚಿನಿಂದ ಮರಳುತ್ತಿದ್ದ ಹೆಂಗಸರು ನಡಿಗೆ ನಿಧಾನ ಮಾಡಿ ಇತ್ತ ನೋಡಿದರು. ಲುತಾಯ ಗಂಟಲು ಸರಿಮಾಡಿಕೊಂಡ, ಏನೋ ಹೇಳಹೋದ, ಅರ್ಧಕ್ಕೆ ನಿಲ್ಲಿಸಿದ. ಮೊದಲಾಗಿದ್ದರೆ ಆ ಉಳಿದರ್ಧವನ್ನು ಅವಳೇ ಆಡಿ ಮುಗಿಸುತ್ತಿದ್ದಳು. ಈಗ ಕೆಂಪು ಮಣ್ಣಿನ ಮೇಲೆ, ಕಣ್ಣೆತ್ತದೆ, ಕಾದಳು.