ಕರಡಿ ಏಣಿ ಹೊತ್ತು ಹೊರಟದ್ದು ಏಕೆ

೧.
ಎಲ್ಲಿಂದ ಶುರು ಮಾಡಲಿ? ಕರಡಿಯಿಂದ ಅಂದರೆ ಮಕ್ಕಳ ಕಥೆ ಅನ್ನುತ್ತೀರಿ. ಅಜ್ಜಿಯಿಂದ ಅಂದರೆ ಪುಟ ಮಗುಚಿ ಮುಂದೆ ಹೋಗುತ್ತೀರಿ. (ಮೊದಲ ಡ್ರಾಫ್ಟು ಶಾಲೆಯ ಗೇಟಿನ ಹತ್ತಿರ ಶುರುವಾಗಿತ್ತು. ಅಲ್ಲಿ ಎಲ್ಲರೂ ಭಾಷಣಕ್ಕೆ ನಿಂತರು. ಹರಿದು ಹಾಕಿದೆ.) ಏಣಿಯಿಂದ ಶುರು ಮಾಡೋಣ. ಅಡುಗೆಮನೆಯ ಗೋಡೆಗೆ ಒರಗಿಸಿಟ್ಟಿದ್ದಾರೆ. ಪಕ್ಕದ ಮನೆಯ ಪೇಂಟರದು. ಸಂಜೆಯೊಳಗೆ ವಾಪಸ್ ಕೊಡಬೇಕು.

೨.
ಅದನ್ನು ತಂದವಳು ಅಜ್ಜಿಯ ಮಗಳು. ಅವಳ ಮಗಳು ಬುಗುರಿ. ಕೂತಲ್ಲಿ ಕೂರದ್ದಕ್ಕೆ ಆ ಅಡ್ಡಹೆಸರು. ಬುಗುರಿಗೆ ಓದು ಹತ್ತಿರಲಿಲ್ಲ. 'ಅಕ್ಷರ ನೋಡೋದಿಲ್ಲ, ಅಂದಾಜಿನ ಮೇಲೆ ಓದ್ತಾಳೆ' ಎಂದು ಶಾಲೆಯಲ್ಲಿ ಹೇಳಿದರು, ಹೇಳುತ್ತಲೇ ಇದ್ದರು. ಕೊನೆಗೆ ಮಗು ಪುಸ್ತಕ ಕಂಡರೆ ಮೇಜಿನ ಕೆಳಗೆ ಸೇರತೊಡಗಿತು. ತಾಯಿ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಹೊರಟಳು.

"ಯೂನಿಟ್ ಸ್ಟಡಿ ಅಂತಾರಮ್ಮ. ಒಂದೇ ಪುಸ್ತಕ ಹಿಡ್ಕೊಂಡು ಎಲ್ಲ ಪಾಠ. ನಮ್ಮ ಕರಡಿ ಪುಸ್ತಕ ಇದೆಯಲ್ಲ, ಅದೇ."

"ನಿನ್ನ ಸಾಕಿದ್ದು ಸಾಲ್ದೇನೇ ಆ ಕರಡಿ? ಇನ್ನು ಮೊಮ್ಮಗಳನ್ನೂ ಸಾಕಬೇಕಾ?"

ಮಗಳು ಚಿಕ್ಕವಳಿದ್ದಾಗ ಅಜ್ಜಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಗಳು ಬಿಸಿಬಿಸಿ ಚಾದರಗಳ ರಾಶಿಯ ಮೇಲೆ ಕೂತು ಪುಟ ತಿರುಗಿಸುವಳು, ಅಜ್ಜಿ ಇಸ್ತ್ರಿಪೆಟ್ಟಿಗೆ ನಿಲ್ಲಿಸದೆ ಕಥೆ ಹೇಳುವಳು. ಕರಡಿ ಸಾಲ ತಂದ ಏಣಿಯನ್ನು ವಾಪಸ್ ಕೊಡಲು ಹೊರಟಿದೆ. ದಾರಿಯಲ್ಲಿ ಬೇಕರಿಯವನು, ಗಡಿಯಾರ ರಿಪೇರಿಯವನು, ಎಲ್ಲರೂ 'ಒಂದ್ ನಿಮಿಷ ಕೊಡಪ್ಪ' ಅನ್ನುತ್ತಾರೆ. ಕರಡಿಗೆ ಇಲ್ಲ ಅನ್ನಲು ಬರುವುದಿಲ್ಲ. ಕೊನೆಯ ಚಿತ್ರದಲ್ಲಿ ಅದು ಏಣಿಗೆ ಒರಗಿ ನಿದ್ದೆ ಹೋಗಿದೆ; ಸೊಂಟದ ಮೇಲೆ ಕೈಯಿಟ್ಟು ನಿಂತ ಏಣಿಯ ಯಜಮಾನ ಹೇಳುತ್ತಾನೆ: 'ನಾಳೆ ಕೊಟ್ರೂ ನಡೆಯುತ್ತೆ, ಮಲ್ಕೋ.'

ಮಗಳು ಪ್ಲಾನು ಹಾಕಿದಳು. ಲೆಕ್ಕಕ್ಕೆ ಏಣಿಯ ಮೆಟ್ಟಿಲು. ಭೂಗೋಳಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕರಡಿಯ ಬೀದಿ. ತೂಕಕ್ಕೆ ಬೇಕರಿಗೆ ಭೇಟಿ. ಪುಸ್ತಕವನ್ನು ಮಾತ್ರ ತೆರೆದು ನೋಡಲಿಲ್ಲ. ಬಾಯಿಪಾಠ ಇರುವುದನ್ನು ಯಾರು ನೋಡುತ್ತಾರೆ?

("ನನ್ನ ನೈಟ್ ಸ್ಕೂಲಿನ ವಿಷಯ ಹಾಕಲ್ವಾ?" ಅಜ್ಜಿ ನಡುವೆ ಬಾಯಿ ಹಾಕಿದಳು.
"ಹಾಕ್ತೀನಿ, ಸ್ವಲ್ಪ ತಡ್ಕೊಳ್ಳಿ."
"ತಡ್ಕೊಂಡು ತಡ್ಕೊಂಡೇ ತಲೆ ಬೆಳ್ಳಗಾಗಿದ್ದು.")

೩.
ಮೊದಲ ಪಾಠ. ಎಷ್ಟೋ ದಿನದ ಮೇಲೆ ಬುಗುರಿ ಮೇಜಿನ ಮೇಲ್ಗಡೆ ಕೂತಿದ್ದಾಳೆ. ಬೆರಳು ಅಕ್ಷರದ ಕೆಳಗೆ. ಕಿವಿ ಕೆಂಪಗಾಗಿದೆ.

"ಕರಡಿ... ತಡವಾಗಿ... ಎದ್ದಿತು."

"ಅಂದಾಜಲ್ಲಿ ಓದ್ಬೇಡ ಕಂದ. ಕರಡಿ ಏಣಿ ವಾಪಸ್ ಕೊಡಲು ಹೊರಟಿತು."

"ಇಲ್ಲಿ ಹಾಗಿಲ್ಲ."

"ಇದೆ. ನಂಗೊತ್ತಿಲ್ವಾ? ಸರಿಯಾಗಿ ನೋಡು."

ಬೆರಳು ಹಿಂದೆ ಸರಿಯಿತು. ಮಗು ಮೇಜಿನ ಕೆಳಗೆ ಇಳಿಯಿತು.

(ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮುಂದಿನದು ಅಜ್ಜಿಯ ಕೈಯಲ್ಲಿತ್ತು.)

ಅಜ್ಜಿ ಕನ್ನಡಕ ಹಾಕಿಕೊಂಡಳು. ನೈಟ್ ಸ್ಕೂಲಿನಲ್ಲಿ ಟೀಚರು ಕಲಿಸಿದಂತೆ ಬೆರಳಿಟ್ಟು ಓದಿದಳು. ಅಕ್ಷರ ಬಂದ ಮೇಲೆ ಅವಳು ಬಸ್ಸಿನ ಬೋರ್ಡು ಓದಿದ್ದಳು, ಔಷಧಿ ಬಾಟಲಿ ಓದಿದ್ದಳು; ಇದೊಂದನ್ನು ಓದಿರಲಿಲ್ಲ. ಚಿತ್ರ ಹೇಳಿದ್ದನ್ನೇ ಅಕ್ಷರವೂ ಹೇಳುತ್ತಿರುತ್ತದೆ ಎಂದುಕೊಂಡಿದ್ದಳು.

ಕರಡಿ ತಡವಾಗಿ ಎದ್ದಿತು. ಕೆಲಸಕ್ಕೆ ಹೋಗಲು ಅದಕ್ಕೆ ಮನಸ್ಸಿಲ್ಲ. ಬೇಕರಿಯ ಮುಂದೆ ಹರಟೆ ಹೊಡೆಯಿತು. ಇನ್ನೂ ತಡವಾಯಿತು.

ಇಷ್ಟು ವರ್ಷ ಊರಿಗೆಲ್ಲ ಏಣಿ ಕೊಟ್ಟ ಕರಡಿ ಇಲ್ಲಿ ಬರೀ ಸೋಮಾರಿ. 'ನಿಮ್ಮಮ್ಮ ಹೇಳಿದ್ದೇ ಸರಿ' ಎಂದರೆ ಹಳೆಯ ಕರಡಿ ಬದುಕಿಕೊಳ್ಳುತ್ತಿತ್ತು. ಅಜ್ಜಿ ಮೇಜಿನ ಕೆಳಗಿನ ಪುಟ್ಟ ಪಾದಗಳನ್ನು ನೋಡಿದಳು.

"ಮಗು ಓದಿದ್ದೇ ಸರಿ," ಎಂದಳು ಮಗಳಿಗೆ. "ಅಂದಾಜಲ್ಲಿ ಹೇಳ್ತಿರೋದು ನೀನು."

"ಮತ್ತೆ ಏಣಿ ವಾಪಸ್ ಕೊಡೋ ಕಥೆ?"

"ನಂಗೆ ಆಗ ಅಕ್ಷರ ಎಲ್ಲಿ ಬರ್ತಿತ್ತೇ? ಚಿತ್ರ ನೋಡ್ದೆ, ಹೇಳ್ದೆ."

"ಪ್ರತಿ ಸಲ ಒಂದೇ ತರ ಹೇಳ್ತಿದ್ದೆ."

"ಒಂದು ಮಾತು ಬದಲಾದ್ರೆ ನೀನು ಬಿಡ್ತಿದ್ದೆಯಾ?"

ಮಗಳು ಪುಸ್ತಕ ಎಳೆದುಕೊಂಡು ಆ ಸಾಲನ್ನು ತಾನೇ ಓದಿದಳು. "ಹಾಗಾದ್ರೆ ಕರಡಿಯಿಂದ ಕಲ್ತಿದ್ದೆಲ್ಲ ನಿನ್ನಿಂದ ಕಲ್ತಿದ್ದಾಯ್ತಲ್ಲಮ್ಮ."

"ಕರಡಿಗೂ ಸ್ವಲ್ಪ ಬಿಡು."

ಮೇಜಿನ ಕೆಳಗಿನಿಂದ ದನಿ ಬಂತು: "ನಾನು ಓದಿದ್ದು ಪೂರ್ತಿ ಸರೀನಾ?"

"ಪೂರ್ತಿ," ಎಂದಳು ತಾಯಿ. "ತಪ್ಪು ನಂದು ಬುಗುರಿ."

೪.
ಈಗ ಮುಕ್ತಾಯ ಬೇಕಲ್ಲ. ಆರಿಸಿಕೊಳ್ಳಿ.

(ಅ) ತಾಯಿ ಮಗಳು ತಬ್ಬಿಕೊಂಡು ಅಳುತ್ತಾರೆ. (ಅಜ್ಜಿ: "ಒಲೆ ಮೇಲೆ ಹಾಲಿಟ್ಟಿದೀನಿ, ಅಳೋಕೆ ಪುರುಸೊತ್ತಿಲ್ಲ.")

(ಆ) ಅಜ್ಜಿಯ ಕಥೆಯನ್ನು ಚೀಟಿಗಳಲ್ಲಿ ಬರೆದು ಅಚ್ಚಿನ ಸಾಲುಗಳ ಮೇಲೆ ಅಂಟಿಸುತ್ತಾರೆ. (ಬುಗುರಿ: "ಬೇಡ. ಮುಚ್ಚಿದ್ರೆ ನಾನು ಓದಿದ್ದು ಹೋಗುತ್ತೆ.")

(ಇ) ಅಚ್ಚಿನ ಸಾಲು ಮೇಲೆ, ಅಜ್ಜಿಯ ಸಾಲು ಕೆಳಗೆ ಪೆನ್ಸಿಲಿನಲ್ಲಿ, ಬುಗುರಿಯ ಸೊಟ್ಟ ಅಕ್ಷರದಲ್ಲಿ. ಇದು ಈಗ ನಡೆಯುತ್ತಿದೆ, ಹಾಗಾಗಿ ಮುಕ್ತಾಯ ಅನ್ನಲಾರೆ. ಪ್ಲಾನಿನ ಹಾಳೆ ನೆಲದ ಮೇಲೆ ಬಿದ್ದಿದೆ, ಯಾರೂ ಎತ್ತಿಲ್ಲ.

(ಥ್ಯಾಂಕ್ಸ್ ಹೇಳುವುದಿದೆ. ಬೆರಳಿಟ್ಟು ಓದಲು ಕಲಿಸಿದ ಆ ಟೀಚರಿಗೆ. ಕರಡಿಯ ಮುಖವನ್ನು, ಅಕ್ಷರ ಎಷ್ಟು ಬೈದರೂ ಕೆಡದಷ್ಟು ಒಳ್ಳೆಯದಾಗಿ ಬರೆದ ಆ ಚಿತ್ರಗಾರನಿಗೆ. ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ.)

೫.
ಸಂಜೆ. ಪೇಂಟರು ಬಾಗಿಲಲ್ಲಿ ನಿಂತಿದ್ದಾರೆ, ಸೊಂಟದ ಮೇಲೆ ಕೈಯಿಟ್ಟು.

"ಏಣಿ ಬೇಕಿತ್ತಲ್ಲ?"

"ಒಂದ್ ನಿಮಿಷ ಇರಿ ಅಂಕಲ್, ಒಂದೇ ಪುಟ ಇದೆ," ಎಂದಳು ಬುಗುರಿ, ತಲೆಯೆತ್ತದೆ.

ಕೊನೆಯ ಪುಟವನ್ನು ಇನ್ನೂ ಯಾರೂ ಓದಿಲ್ಲ. ಆ ಯಜಮಾನ ಅಕ್ಷರದಲ್ಲಿ ಕರಡಿಗೆ ಏನನ್ನುತ್ತಾನೋ. ಅಜ್ಜಿಗೆ ಕನ್ನಡಕವಿದೆ, ಇಣುಕಬಹುದು, ಇಣುಕಲಿಲ್ಲ. ನಾನೂ ಇಣುಕಿಲ್ಲ, ನೀವೂ ಬೇಡ. ಓದುವವಳು ಓದಲಿ.

ಪೇಂಟರು ಏಣಿಯನ್ನೊಮ್ಮೆ ನೋಡಿದರು, ಮಗುವನ್ನೊಮ್ಮೆ ನೋಡಿದರು. ಒಳಗೆ ಬಂದು ತಮ್ಮದೇ ಏಣಿಗೆ ಒರಗಿ ಕೂತರು. ಅಜ್ಜಿ ಅವರಿಗೂ ಹಾಲು ಬಗ್ಗಿಸಿದಳು.

ಬುಗುರಿಯ ಬೆರಳು ಮೊದಲ ಅಕ್ಷರದ ಕೆಳಗೆ ಬಂತು.